ಶಿಕ್ಷೆ ಮುಗಿಸಿ ಬಂದ ಚಿಕ್ಕಮ್ಮನಿಗೆ ನೆಲೆ ಕಲ್ಪಿಸುವುದು ಹೇಗೆ?

ಪ್ರಶ್ನೆ (ಮಂಡ್ಯ): ಮೈಸೂರು ಕೇಂದ್ರ ಕಾರಾಗೃಹದಿಂದ ಬಿಡುಗಡೆಯಾಗಿ ಬಂದಿರುವ ನಮ್ಮ ಚಿಕ್ಕಮ್ಮನನ್ನು ಗಂಡನ ಮನೆಯವರು ಸೇರಿಸಿಕೊಳ್ಳುತ್ತಿಲ್ಲ, ಪಡಿತರ ಚೀಟಿಯಿಂದಲೂ ಹೆಸರು ತೆಗೆಸಿದ್ದಾರೆ. ಹೊಲಿಗೆ ಚೆನ್ನಾಗಿ ಬಲ್ಲ ಅವರು ಎಲ್ಲಿಂದ ಆರಂಭಿಸಬೇಕೆಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಆದಾಯ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರಾಗಿರುವುದರಿಂದ, ಜೀವನಾಂಶ, ಮಕ್ಕಳ ಪಾಲನೆ, ವಾಸದ ಹಕ್ಕು ಇವುಗಳ ಬಗ್ಗೆ ಅಲ್ಲಿಯೇ ವಕೀಲರನ್ನು ಕೇಳಬಹುದು. ಬಿಡುಗಡೆ ಪತ್ರದ ಮೂಲಪ್ರತಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ.

ಉತ್ತರ: ತಂಗಲು ಜಾಗವಿಲ್ಲದಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಸಂಕಷ್ಟದಲ್ಲಿರುವ ಮಹಿಳೆಯರ ಆಶ್ರಯ ಕೇಂದ್ರವಾದ ಶಕ್ತಿ ಸದನದ ಬಗ್ಗೆ ವಿಚಾರಿಸಿ.

ಉತ್ತರ (ಮೈಸೂರು): ಸೀರೆಗೆ ಫಾಲ್ ಹಚ್ಚುವ, ಕುಚ್ಚು ಕಟ್ಟುವ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಬಹುದು. ಊರಿನ ಸ್ತ್ರೀಶಕ್ತಿ ಸಂಘಕ್ಕೂ ಸೇರಿಸಿ. ಸಾಲ ಸಿಗುವುದಕ್ಕಿಂತ ಮೊದಲು ನಾಲ್ಕು ಹೆಂಗಸರ ನಡುವೆ ಅಳುಕಿಲ್ಲದೆ ಕೂರುವಂತಾಗುವುದು ಅವರಿಗೆ ಅಗತ್ಯವೆಂದು ನನ್ನ ನಂಬಿಕೆ.