ಸಹಾಯ ಬೇಕು: ತಂಡದವರ ಕ್ಷೇಮ ವಿಚಾರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನೊಂದು ಸಣ್ಣ ಕಂಪನಿ ನಡೆಸುತ್ತೇನೆ. ವ್ಯವಹಾರ ಕುಸಿದಿದೆ, ಕೆಲವರು ಬಿಟ್ಟು ಹೋದರು, ಉಳಿದವರ ಮೇಲೆ ಹೊರೆ ಜಾಸ್ತಿ. ‘ಹೇಗಿದ್ದೀರಿ?’ ಅಂದರೆ ‘ಚೆನ್ನಾಗಿದ್ದೀನಿ ಸರ್’ ಅನ್ನುತ್ತಾರೆ, ಅಷ್ಟೇ. ಆದರೆ ಮೀಟಿಂಗ್‌ನಲ್ಲಿ ಎಲ್ಲದಕ್ಕೂ ಮಾತಾಡುತ್ತಿದ್ದ ಒಬ್ಬರು ಈಗ ಕ್ಯಾಮೆರಾನೇ ಆನ್ ಮಾಡುವುದಿಲ್ಲ. ಇನ್ನೊಬ್ಬರ ಮೇಲ್ ನಡುರಾತ್ರಿ ಬರುತ್ತದೆ.

ಮ್ಯಾನೇಜರ್‌ಗಳಿಗೆ ತಂಡದವರ ಮಾನಸಿಕ ಆರೋಗ್ಯಕ್ಕೆ ನೆರವಾಗಲೆಂದೇ ತರಬೇತಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ. ಯಾರಾದರೂ ಪಡೆದಿದ್ದೀರಾ? ಹೆಸರಿಲ್ಲದ ಸರ್ವೆ ಮಾಡೋಣವೆಂದರೆ, ಇಷ್ಟು ಚಿಕ್ಕ ತಂಡದಲ್ಲಿ ಬರೆದವರು ಯಾರೆಂದು ಗೊತ್ತಾಗಿಬಿಡುತ್ತದೆ, ಅಲ್ವಾ? ಸಂಬಳ ಕೊಡುವವನೇ ಕೇಳಿದರೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ?

ಅವರ ಮನೆ ವಿಷಯ ಕೆದಕುವುದು ನನಗೆ ಬೇಡ. ಹೊರೆ ಇಳಿಸುವುದು, ರಜೆ ಕೊಡುವುದು ನನ್ನ ಕೈಲಿದೆ. ಕೆಲಸಕ್ಕೆ ಹೋಗುವವರೂ ದಯವಿಟ್ಟು ಹೇಳಿ, ನಿಮ್ಮ ಬಾಸ್ ಹೇಗೆ ಕೇಳಿದರೆ ನಿಜ ಹೇಳುತ್ತೀರಿ?