ರಾತ್ರಿ ಫೋನ್ ಸುಮ್ಮನಿರಬೇಕು, ಆನೆ ಸುದ್ದಿ ಮಾತ್ರ ಕೇಳಿಸಬೇಕು. ದಾರಿ ಇದೆಯಾ?

ಬಿಕ್ಕೋಡು ತೋಟ:
ಬೇಲೂರು ತಾಲೂಕು, ಬಿಕ್ಕೋಡು ಕಡೆ ಕಾಫಿ ತೋಟ. ಬೆಳಗ್ಗೆ ಆಳುಗಳು ತೋಟಕ್ಕೆ ಇಳಿಯೋ ಮೊದ್ಲು ಆನೆ ಯಾವ ಕಡೆ ಇದೆ ಅಂತ ಗೊತ್ತಾಗ್ಲೇಬೇಕು. ಹಾಗಾಗಿ ಫೋನ್ ಆಫ್ ಮಾಡೋ ಹಾಗಿಲ್ಲ. ಅದೇ ನೆಪದಲ್ಲಿ ಇಡೀ ರಾತ್ರಿ ಫೋನು ದಿಂಬಿನ ಪಕ್ಕದಲ್ಲೇ. ಕಾಫಿ ರೇಟು, ಮೆಣಸಿನ ರೇಟು, ಯಾರ ತೋಟಕ್ಕೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಮಳೆ ಅಂತ ನೋಡೋಕೆ ಹೋದ್ರೆ ಕೊನೆಗೆ ರೀಲ್ಸ್‌ನಲ್ಲಿ ಮುಕ್ಕಾಲು ಗಂಟೆ. ಎಂಟನೇ ಕ್ಲಾಸ್ ಮಗನೂ ಅದೇ ಫೋನ್ ಹಿಡಿಯೋದು. ಆ್ಯಪ್ ಟೈಮರ್ ಹಾಕಿದ್ರೂ ಪ್ರಯೋಜನ ಇಲ್ಲ. ಆಂಡ್ರಾಯ್ಡ್ ಫೋನ್. ಗೊತ್ತಿರೋರು ಹೇಳಿ.

ಹಾನುಬಾಳು:
ಏನೇನು ಬಂದ್ ಮಾಡೋದು ಅಂತ ಶುರು ಮಾಡಿದ್ರೆ ಮುಗಿಯಲ್ಲ. ಏನು ಒಳಗೆ ಬರಲೇಬೇಕು ಅಂತ ನೋಡಿ. ನಿಮಗೆ ಇರೋದು ಮೂರೇ: ಆನೆ ಸುದ್ದಿ, ಮನೆಯವರ ಕರೆ, ತೋಟದ ಲೆಕ್ಕ-ಕೆಲಸ ನೋಡೋ ರೈಟರ್ ಕರೆ.

ಸೆಟ್ಟಿಂಗ್ಸ್‌ನಲ್ಲಿ ಡು ನಾಟ್ ಡಿಸ್ಟರ್ಬ್‌ಗೆ (ಫೋನ್ ಸದ್ದು ಮಾಡದ ಹಾಗೆ ಇಡೋ ಆಯ್ಕೆ) ರಾತ್ರಿ 9.30ರಿಂದ ಬೆಳಗ್ಗೆ 5.30ರವರೆಗೆ ಶೆಡ್ಯೂಲ್ ಹಾಕಿ. ಕರೆಗಳಲ್ಲಿ ಸ್ಟಾರ್ ಇರೋ ನಂಬರ್ ಮಾತ್ರ ಬಿಡಿ, ಆ ಮೂರ್ನಾಲ್ಕು ಜನಕ್ಕೆ ಕಾಂಟ್ಯಾಕ್ಟ್ಸ್‌ನಲ್ಲಿ ಸ್ಟಾರ್ ಕೊಡಿ. ರಿಪೀಟ್ ಕಾಲರ್ಸ್ ಆನ್ ಇರ್ಲಿ. ಒಂದೇ ನಂಬರಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದ್ರೆ ರಿಂಗ್ ಆಗತ್ತೆ. ಅಲಾರಂಗೆ ಅನುಮತಿ ಇದೆಯಾ ಅಂತಲೂ ಒಮ್ಮೆ ನೋಡ್ಕೊಳ್ಳಿ.

ವಾಟ್ಸಾಪ್‌ನಲ್ಲಿ ಆನೆ ಎಲ್ಲಿದೆ ಅಂತ ಸುದ್ದಿ ಬರೋ ಗ್ರೂಪಿನ ಹೆಸರು ಒತ್ತಿ, ನೋಟಿಫಿಕೇಶನ್‌ನಲ್ಲಿ ಕಸ್ಟಮ್ ಆನ್ ಮಾಡಿ ಬೇರೆ ಟೋನ್ ಕೊಡಿ. ಆಮೇಲೆ ಫೋನಿನ ಆ್ಯಪ್ಸ್ ಸೆಟ್ಟಿಂಗ್‌ನಲ್ಲಿ ವಾಟ್ಸಾಪ್ ನೋಟಿಫಿಕೇಶನ್ ತೆಗೆದ್ರೆ ಆ ಗ್ರೂಪ್ ಪ್ರತ್ಯೇಕವಾಗಿ ಕಾಣತ್ತೆ. ಅಲ್ಲಿ ‘ಓವರ್‌ರೈಡ್ ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ. ಕೆಲವು ಕಂಪನಿ ಫೋನ್‌ಗಳಲ್ಲಿ ಈ ಆಯ್ಕೆ ಇರಲ್ಲ, ಆಗ ಕರೆಯನ್ನೇ ನಂಬಬೇಕು.

ರೇಟು, ಮಳೆ, ಮದುವೆ ಫೋಟೋ ಗ್ರೂಪ್ ಎಲ್ಲಾ ಆರ್ಕೈವ್‌ಗೆ (ಮುಖ್ಯ ಪಟ್ಟಿಯಿಂದ ಪಕ್ಕಕ್ಕಿಡೋ ಜಾಗ) ಹೋಗ್ಲಿ. ಚಾಟ್ಸ್ ಸೆಟ್ಟಿಂಗ್‌ನಲ್ಲಿ ‘ಕೀಪ್ ಚಾಟ್ಸ್ ಆರ್ಕೈವ್ಡ್’ ಆನ್ ಇಲ್ಲದಿದ್ರೆ ಹೊಸ ಮೆಸೇಜ್ ಬಂದ ಕೂಡ್ಲೇ ಗ್ರೂಪ್ ಮತ್ತೆ ಮೇಲೆ ಬಂದು ಕೂರತ್ತೆ. ಆನೆ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕೋರು ಇದ್ರೆ ಇಷ್ಟೆಲ್ಲಾ ಮಾಡಿಯೂ ದಂಡ. ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿಸಿ.

ಕಳಸ ರೋಡ್:
ಮೇಲಿನದಕ್ಕೆ ಒಂದು ಸೇರಿಸ್ತೀನಿ, ಬಹಳ ಜನ ಎಡವೋದು ಇಲ್ಲೇ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ವಾಟ್ಸಾಪ್ ‘ಅನ್‌ರಿಸ್ಟ್ರಿಕ್ಟೆಡ್’ ಇರಬೇಕು. ಇಲ್ಲಾಂದ್ರೆ ರಾತ್ರಿ ಫೋನು ಆ್ಯಪನ್ನ ಮಲಗಿಸಿಬಿಡತ್ತೆ, 3 ಗಂಟೆ ಮೆಸೇಜು ನೀವು 6ಕ್ಕೆ ಫೋನ್ ಎತ್ತಿದಾಗ ಬರತ್ತೆ. ಮನೇಲಿ ನೆಟ್‌ವರ್ಕ್ ಸಿಗದೆ ವೈಫೈ ಮೇಲೇ ಇದ್ರೆ ಕರೆಂಟ್ ಹೋದ್ಮೇಲೆ ಅದೂ ಇಲ್ಲ, ರೂಟರ್‌ಗೆ ಯುಪಿಎಸ್ ಬೇಕು. ಒಂದ್ ದಿನ ಸ್ಕ್ರೀನ್ ಲಾಕ್ ಮಾಡಿಟ್ಟು ರಾತ್ರಿ 10ರ ಮೇಲೆ ಗ್ರೂಪ್‌ಗೆ ಅಡ್ಮಿನ್ ಒಬ್ಬರಿಂದ ಮೆಸೇಜ್ ಹಾಕ್ಸಿ ನೋಡಿ. ಪರೀಕ್ಷೆ ಮಾಡದೆ ನಂಬ್ಕೊಂಡು ಮಲಗಬೇಡಿ ಮಾರಾಯ್ರೇ.

ಚಿಕ್ಕಮಗಳೂರು ಪೇಟೆ:
ಟೈಮರ್ ಯಾಕೆ ಸೋಲತ್ತೆ ಅಂದ್ರೆ, ಹಾಕಿದವರೇ ತೆಗೀಬಹುದು. ಅವಧಿ ಮುಗಿದಾಗ ಐಕಾನ್ ಬೂದಿ ಬಣ್ಣಕ್ಕೆ ತಿರುಗತ್ತೆ, ಟೈಮರ್ ತೆಗೆದ್ರೆ ವಾಪಸ್. ಮಧ್ಯರಾತ್ರಿಗೆ ಲೆಕ್ಕ ಹೊಸದಾಗಿ ಶುರು, 12ಕ್ಕೆ ಎಚ್ಚರ ಇರೋರಿಗೆ ಹಬ್ಬ! ಯೂಟ್ಯೂಬ್ ಆ್ಯಪ್‌ಗೆ ಮಾತ್ರ ಹಾಕಿದ್ರೆ ಕ್ರೋಮ್‌ನಲ್ಲಿ ತೆರೆದುಕೊಳ್ಳತ್ತೆ. ರೀಲ್ಸ್ ಆ್ಯಪನ್ನೇ ಅನ್‌ಇನ್‌ಸ್ಟಾಲ್ ಮಾಡಿ, ಅಕೌಂಟ್ ಎಲ್ಲೂ ಹೋಗಲ್ಲ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ (ನೋಡಿದ ವಿಡಿಯೋಗಳ ಪಟ್ಟಿ) ಅಳಿಸಿ, ಮುಂದೆ ದಾಖಲಾಗದ ಹಾಗೆ ಪಾಜ್ ಮಾಡಿ. ಹೋಮ್ ಪೇಜ್ ಖಾಲಿ ಆಗತ್ತೆ. ಬೇಕಾದ್ದನ್ನ ಹುಡುಕಿ ನೋಡಬಹುದು, ತಾನಾಗಿ ಎಳೆಯೋದು ನಿಲ್ಲತ್ತೆ.

ಮಗನಿಗೆ ಸೆಕ್ಯೂರಿಟಿ ಸೆಟ್ಟಿಂಗ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದೆ, ಅಂದ್ರೆ ಫೋನು ಒಂದೇ ಆ್ಯಪ್‌ನಲ್ಲಿ ನಿಂತಿರತ್ತೆ. ಪಾಠದ ಆ್ಯಪ್ ತೆರೆದು ಪಿನ್ ಮಾಡಿ ಕೊಡಿ. ‘ಅನ್‌ಪಿನ್ ಮಾಡುವ ಮೊದಲು ಪಿನ್ (ಲಾಕ್ ಸಂಖ್ಯೆ) ಕೇಳು’ ಅನ್ನೋದನ್ನೂ ಆನ್ ಮಾಡಿ, ಇಲ್ಲಾಂದ್ರೆ ಹುಡುಗರು ಹೊರಗೆ ಬರೋ ದಾರಿ ನಿಮಗಿಂತ ಮೊದ್ಲೇ ಕಂಡುಹಿಡೀತಾರೆ.

ರಾತ್ರಿ ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಇರ್ಲಿ, ರಿಂಗ್ ವಾಲ್ಯೂಮ್ ಪೂರ್ತಿ.

ಬಿಕ್ಕೋಡು ತೋಟ:
ಹಾಲ್‌ನಲ್ಲಿಟ್ರೆ ಕರೆಂಟ್ ಹೋದಾಗ ಟಾರ್ಚ್‌ಗೆ ಏನ್ ಮಾಡೋದು? ಟೈಮ್ ನೋಡೋದೂ ಅದರಲ್ಲೇ.

ಚಿಕ್ಕಮಗಳೂರು ಪೇಟೆ:
ಫೋನು ಹಾಸಿಗೆಗೆ ಬಂದಿರೋದೇ ಆ ಎರಡು ಕೆಲಸದ ನೆಪದಲ್ಲಿ. ಚಾರ್ಜ್ ಆಗೋ ಟಾರ್ಚ್ ಒಂದು, ಸೆಲ್ ಹಾಕೋ ಅಲಾರಂ ಗಡಿಯಾರ ಒಂದು ತಗೊಳ್ಳಿ. ಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯೋದೇ ಇರ್ಲಿ.