ಪುಸ್ತಕದಲ್ಲಿ 3.5 ಗ್ರಾಂ, ನಮಗೆ ಸಿಕ್ಕಿದ್ದು 2.4. ರೆಕಾರ್ಡಿನಲ್ಲಿ ಯಾವುದನ್ನು ಬರೆಯುವುದು?

ಕಾರವಾರದಿಂದ ಒಬ್ಬ ತಾಯಿ:
ಮಗಳು 9ನೇ ತರಗತಿ. ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ, ಪ್ರಯೋಗವನ್ನು ಬರೆದು ತರಲು ಹೇಳಿದ್ದಾರೆ. ಮೊನ್ನೆ ಕೋಡಿಬಾಗದ ಕಡೆಯಿಂದ ನೀರು ತಂದು 100 ಮಿಲಿ ಕಾಯಿಸಿದೆವು. ಸಿಕ್ಕಿದ್ದು 2.4 ಗ್ರಾಂ. ಪುಸ್ತಕದ ಲೆಕ್ಕದಲ್ಲಿ 3.5ರ ಹತ್ತಿರ ಬರಬೇಕು. ಗೆಳತಿಯರು "ಸುಮ್ನೆ 3.5 ಅಂತ ಬರೆದುಬಿಡು" ಅನ್ನುತ್ತಿದ್ದಾರೆ. ಅವಳಿಗೆ ಮನಸ್ಸಿಲ್ಲ, ಮಾರ್ಕ್ಸ್ ಹೋಗುತ್ತದೆ ಅನ್ನುವ ಹೆದರಿಕೆಯೂ ಇದೆ. ನೀವೆಲ್ಲ ಮಕ್ಕಳಿಗೆ ಹೇಗೆ ಬರೆಸಿದಿರಿ?

ಕುಮಟಾದಿಂದ, ವಿಜ್ಞಾನ ಕಲಿಸುವವರು:
2.4 ಅಂತಲೇ ಬರೆಯಲಿ. ನಿಮ್ಮ ಮಗಳಿಗೆ ಮನಸ್ಸಿಲ್ಲ ಅಂದಿರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಖುಷಿಯಾಯಿತು.

3.5 ಅನ್ನುವುದು ತೆರೆದ ಸಮುದ್ರದ ಲೆಕ್ಕ. ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀವು ನೀರು ತಂದಿದ್ದು ಕಾಳಿ ನದಿ ಸಮುದ್ರ ಸೇರುವ ಜಾಗದ ಪಕ್ಕದಿಂದ. ಅಲ್ಲಿ ಸಿಹಿನೀರು ಬೆರೆತಿರುತ್ತದೆ. ಇಳಿತದ ಹೊತ್ತಿಗೆ, ಮಳೆಗಾಲ ಮುಗಿದ ಹೊಸತರಲ್ಲಿ ಜಾಸ್ತಿಯೇ ಬೆರೆತಿರುತ್ತದೆ. ಹಾಗಾಗಿ "ಸಮುದ್ರದ ನೀರು" ಎಂದಷ್ಟೇ ಬರೆದರೆ ಸಾಲದು. ಯಾವ ದಂಡೆ, ಯಾವ ದಿನ, ಭರತವೋ ಇಳಿತವೋ, ಹಿಂದಿನ ದಿನ ಮಳೆ ಬಂದಿತ್ತೋ, ಎಲ್ಲ ಬರೆಯಲಿ. ಓದಿದವರಿಗೆ 2.4 ಯಾಕೆ ಬಂತು ಅಂತ ಅರ್ಧ ಅಲ್ಲೇ ತಿಳಿಯುತ್ತದೆ.

ಆದರೆ ಕಾರಣ ನದಿಯೇ ಎಂದು ಈಗಲೇ ತೀರ್ಮಾನ ಬರೆಯಬೇಡಿ. ನೀರು ಬತ್ತುತ್ತಾ ಬಂದ ಹಾಗೆ ಉಪ್ಪು ಚಟಪಟ ಸಿಡಿಯುತ್ತದೆ, ಅಲ್ವಾ? ಅಲ್ಲೂ ಸ್ವಲ್ಪ ಹೋಗಿರಬಹುದು. ಪರೀಕ್ಷಿಸಲು ಸುಲಭದ ದಾರಿ ಇದೆ. ಅಡುಗೆ ಉಪ್ಪು 3.5 ಗ್ರಾಂ ತೂಗಿ, 100 ಮಿಲಿ ಕುಡಿಯುವ ನೀರಿನಲ್ಲಿ ಕರಗಿಸಿ. ಅದೇ ಪಾತ್ರೆ, ಅದೇ ಉರಿಯಲ್ಲಿ ಕಾಯಿಸಿ. 3.5ರ ಹತ್ತಿರ ವಾಪಸ್ ಸಿಕ್ಕರೆ ನಿಮ್ಮ ವಿಧಾನ ಸರಿ, ನೀರಿನಲ್ಲೇ ಉಪ್ಪು ಕಡಿಮೆ ಇತ್ತು. ಅದೂ 2.5ಕ್ಕೆ ಇಳಿದರೆ ಸಿಡಿದು ಹೋಗಿದೆ. ಎರಡರಲ್ಲಿ ಯಾವುದಾದರೂ ರೆಕಾರ್ಡಿಗೆ ಒಳ್ಳೆಯ ಪುಟವೇ.

ಖಾಲಿ ಪಾತ್ರೆಯ ತೂಕ, ಉಪ್ಪಿನ ಸಮೇತ ತೂಕ, ಎರಡನ್ನೂ ಕೋಷ್ಟಕದಲ್ಲಿ ತೋರಿಸಲಿ. ಕಳೆದು ಬಂದ ಸಂಖ್ಯೆ ಒಂದೇ ಸಾಲದು. ಬಟ್ಟೆಯಲ್ಲಿ ಸೋಸಿದಿರಾ? ಮರಳು ಉಳಿದಿದ್ದರೆ ಅದೂ ತೂಗುತ್ತದೆ. ತೂಗುವುದನ್ನು ಮರುದಿನಕ್ಕೆ ಇಡಬೇಡಿ. ನಮ್ಮ ಕರಾವಳಿಯ ಗಾಳಿಗೆ ಉಪ್ಪು ನೀರು ಹೀರಿ ಒದ್ದೆಯಾಗುತ್ತದೆ, ತೂಕ ಏರುತ್ತದೆ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡ್ ಸೇರಿ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ. ಉಳಿದದ್ದರಲ್ಲಿ ಮೆಗ್ನೀಸಿಯಂ ಇದೆ, ನೀರು ಎಳೆಯುವುದು ಮುಖ್ಯವಾಗಿ ಅದರ ಲವಣ. ಅದಕ್ಕೇ ವೀಕ್ಷಣೆಯಲ್ಲಿ "ಸೋಡಿಯಂ ಕ್ಲೋರೈಡ್ ಸಿಕ್ಕಿತು" ಎಂದು ಬರೆಯುವುದಕ್ಕಿಂತ ಕಣ್ಣಿಗೆ ಕಂಡಿದ್ದನ್ನು ಬರೆಯಲಿ: ಬಿಳಿ ಹರಳು, ಅಂಚಿನಲ್ಲಿ ಕಂದು, ಮುಟ್ಟಿದರೆ ಜಿಗುಟು, ಹೀಗೆ.

ಇನ್ನೊಂದು. ಗೈಡಿನಲ್ಲಿ "ನೀರನ್ನು ಕಾಯಿಸಿರಿ" ಅಂತ ಇರುತ್ತದೆ, ಮಕ್ಕಳು ಅದನ್ನೇ ಇಳಿಸಿಬಿಡುತ್ತಾರೆ. "ಕಾಯಿಸಿದೆವು" ಎಂದು ಬರೆಯಲು ಹೇಳಿ. ಹಾಗೆ ಬರೆಯುವಾಗ ತಾನು ಮಾಡಿದ್ದೇ ನೆನಪಿಗೆ ಬರುತ್ತದೆ.

ಶಿರಸಿಯಿಂದ:
ಅಕ್ಕಾ, ಮಾಸ್ತರರು ಹೇಳಿದ್ದು ಸರಿ. ನಾನು ಶಾಲೆಯಲ್ಲಿದ್ದಾಗ, ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ತಿಳಿಸುವ ಲಿಟ್ಮಸ್ ಇರಲಿಲ್ಲ ಅಂತ ಕೆಂಪು ದಾಸವಾಳದ ರಸದಲ್ಲಿ ಪ್ರಯೋಗ ಮಾಡಿದ್ದೆವು. ಸಾಬೂನು ನೀರಿಗೆ ರಸ ಹಸಿರಾಯಿತು. ಪುಸ್ತಕದಲ್ಲಿ ನೀಲಿ ಅಂತ ಇತ್ತು, ಎಲ್ಲರೂ ನೀಲಿ ಅಂತಲೇ ಬರೆದೆವು. ಅದು ಲಿಟ್ಮಸ್‌ನ ಬಣ್ಣ, ದಾಸವಾಳ ಹಸಿರಾಗುವುದೇ ಸರಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕಣ್ಣಾರೆ ಕಂಡಿದ್ದನ್ನು ಅಳಿಸಿದೆನಲ್ಲ ಅನ್ನುವ ಬೇಜಾರು ಇವತ್ತಿಗೂ ಇದೆ. ನಿಮ್ಮ ಮಗಳಿಗೆ ಹಾಗಾಗುವುದು ಬೇಡ.

ಹೊನ್ನಾವರದಿಂದ:
ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರಕ್ಕೆ ಬೇಸಿಗೆಯಲ್ಲಿ ಕರೆದುಕೊಂಡು ಹೋಗಿ. ಅವಳು ಪಾತ್ರೆಯಲ್ಲಿ ಮಾಡಿದ್ದನ್ನು ಅಲ್ಲಿ ಬಿಸಿಲು ಮಾಡುತ್ತದೆ. ನನ್ನ ಮಗ ಅದನ್ನು ನೋಡಿ ಬಂದ ಮೇಲೆ ವಿಧಾನದ ಭಾಗವನ್ನು ಯಾರ ಸಹಾಯವೂ ಇಲ್ಲದೆ ಬರೆದ.

ಕಾರವಾರದ ತಾಯಿ, ಎರಡು ದಿನದ ನಂತರ:
ಮಾಸ್ತರ್ರೇ, ಅಡುಗೆ ಉಪ್ಪಿನದ್ದು ಮಾಡಿ ನೋಡಿದೆವು. 3.5ರಲ್ಲಿ 3.3 ವಾಪಸ್ ಬಂತು. ಸಿಡಿದದ್ದು ಇದೆ, ಆದರೆ ಸ್ವಲ್ಪ. ಅವಳು 2.4, 3.3 ಎರಡನ್ನೂ ಬರೆದಿದ್ದಾಳೆ. ಈ ಭಾನುವಾರ ನದಿಯಿಂದ ದೂರ, ಮಾಜಾಳಿ ದಂಡೆಯ ನೀರು ತರಬೇಕಂತೆ. ಕೋಷ್ಟಕದಲ್ಲಿ ಅದಕ್ಕೆ ಒಂದು ಸಾಲು ಖಾಲಿ ಬಿಟ್ಟಿದ್ದಾಳೆ.